ಹಿಂಡಿಯೊಳಗಿನ ಗುಳಿಗೆ

ಮಡಿವಾಳೆಪ್ಪನ ಗುಳಿಗೆ ನಿಲ್ಲಿಸಬೇಕೆಂಬ ಮಾತು ಹುಟ್ಟಿದ್ದು ಊಟಕ್ಕೆ ಕೂತಾಗ, ಅದೂ ಅವನ ಎದುರಿಗೇ. ಎಂಬತ್ತೈದನೆಯ ಇಸವಿಯ ದಸರೆ ಆಗಷ್ಟೇ ಮುಗಿದಿತ್ತು. ಬೆಳಗಾವಿಯ ಮಿಲಿಟರಿ ದವಾಖಾನೆಯಿಂದ ಕರೆ ಬಂದಿತ್ತು: ದೀಪಾವಳಿಯ ನಂತರ ಬೋರ್ಡಿನ ಮುಂದೆ ಹಾಜರಾಗಬೇಕು, ಮೂರ್ಛೆ ಬಂದದ್ದನ್ನು ಕಣ್ಣಾರೆ ಕಂಡವರೊಬ್ಬರು ಜೊತೆಗೆ ಬರಬೇಕು.

ಶಲವಡಿಯ ಆ ಮನೆಯಲ್ಲಿ ಬೋರ್ಡು ಎಂದರೆ ಎಲ್ಲರಿಗೂ ಎದೆ ಧಸಕ್ಕೆನ್ನುತ್ತಿತ್ತು. ಮಡಿವಾಳೆಪ್ಪ ಸೈನ್ಯದಲ್ಲಿ ಲಾರಿ ಡ್ರೈವರನಾಗಿದ್ದವನು. ಸಿಕ್ಕಿಂ ಕಡೆಯ ಹಿಮದ ರಸ್ತೆಯಲ್ಲಿ ಲಾರಿ ಉರುಳಿ ತಲೆಗೆ ಪೆಟ್ಟಾಯಿತು. ಗಾಯ ಮಾಯಿತು, ಮೂರ್ಛೆ ಉಳಿಯಿತು. ಪೆಟ್ಟು ನೌಕರಿಯಲ್ಲಿದ್ದಾಗ ಆದದ್ದೆಂದು ಒಪ್ಪಿ, ಅಂಗವಿಕಲತೆ ನೂರಕ್ಕೆ ನಲವತ್ತು ಎಂದು ಬರೆದು, ಪಿಂಚಣಿ ಕಟ್ಟಿ ಮನೆಗೆ ಕಳಿಸಿದರು. ಎರಡು ವರ್ಷಕ್ಕೊಮ್ಮೆ ಡಾಕ್ಟರರ ಬೋರ್ಡು ಕೂತು ಅದನ್ನು ಮತ್ತೆ ಅಳೆಯುತ್ತದೆ. ಇಪ್ಪತ್ತಕ್ಕಿಂತ ಕೆಳಗೆ ಇಳಿಯಿತೋ, ಪಿಂಚಣಿ ನಿಂತಿತೆಂದೇ ಲೆಕ್ಕ.

“ಅಣ್ಣಿಗೇರಿ ಬಾಬಾಸಾಬಂದು ಏನಾತು?” ಎಂದು ತಂದೆ ಕುಬೇರಪ್ಪ ರೊಟ್ಟಿ ಮುರಿಯುತ್ತ ಶುರು ಮಾಡಿದ. “ಕಾಲಾಗ ಗುಂಡು ಹೊಕ್ಕಾಂವ. ಬೋರ್ಡಿನ ಮುಂದ ಚಲೋತ್ನಾಗಿ ನಡದು ತೋರಿಸಿದ. ನಡೀಲಿಕ್ಕೆ ಬರತೈತಲ್ಲ ಅಂತ ಕಟ್ ಮಾಡಿದ್ರು. ಈಗ ಥಂಡಿ ಬಿತ್ತಂದ್ರ ಹಾಸಿಗಿ ಬಿಟ್ಟು ಏಳಂಗಿಲ್ಲ ಅಂವ.”

“ಹಂಗಾರ ನಾವೇನ ಮಾಡೂಣು?” ಎಂದಳು ಅವನ ಹೆಂಡತಿ ಅನ್ನವ್ವ.

“ಇವಗ ವರ್ಷಾತು, ಒಮ್ಮಿನೂ ಬಂದಿಲ್ಲ. ಗುಳಿಗಿ ಹಿಡದು ನಿಲ್ಲಿಸೇತಿ. ಡಾಕ್ಟರ್ ಕಣ್ಣಿಗೆ ಅರಾಮ ಆದಾಂವನಂಗ ಕಾಣತಾನ. ಈಗಿಂದ ಗುಳಿಗಿ ಬಿಟ್ರ ಒಂದೆರಡು ಸಲ ಬರತೈತಿ, ಹೇಳಾಕ ನಮಗೂ ಬಾಯಿ ಇರತೈತಿ. ಬೋರ್ಡ್ ಮುಗದ ಮ್ಯಾಲೆ ಮತ್ತ ಚಾಲೂ ಮಾಡಿದ್ರಾತು.”

“ಮಗನ ಬಾಯಾಗ ನೊರಿ ಬರಿಸಿ ರೊಕ್ಕ ತರಾವ್ರೇನ ನೀವು?” ಎಂದು ಅನ್ನವ್ವ ಸಿಡುಕಿದಳು.

ಹಿರಿಯ ಸೊಸೆ ಮಲ್ಲಕ್ಕ ಸಾರಿನ ಬೋಗುಣಿ ಕೆಳಗಿಟ್ಟಳು. ಮಲ್ಲಕ್ಕ ಕೆಟ್ಟವಳಲ್ಲ, ಬಾಯಿಗೆ ಬೀಗವಿಲ್ಲ ಅಷ್ಟೆ. “ಪಿಂಚಣಿ ನಿಂತರ ಹೊಲದಾಗ ದುಡಿಯಾಂವ ಒಬ್ಬ, ಕೂತು ಉಣ್ಣಾವ್ರು ಮೂವರು ಆಗತಾರ್ರಿ ಅತ್ಯಾರ. ನಾ ಏನ ಸುಳ್ಳ ಹೇಳತೇನಿ?”

ಅವಳ ಗಂಡ ಶಂಕ್ರಪ್ಪ ತಾಟಿನಿಂದ ತಲೆ ಎತ್ತಲಿಲ್ಲ. ಎತ್ತುಗಳ ಹಿಂದೆ ಹಗಲೆಲ್ಲ ನಡೆದು ಬಂದವನು ಅವನು. ಹೆಂಡತಿಯ ಮಾತು ತಪ್ಪೆಂದು ಅನ್ನಿಸಿದ್ದರೆ ಒಂದು ಹೂಂಕಾರವಾದರೂ ಬರುತ್ತಿತ್ತು. ಬರಲಿಲ್ಲ. ಬಾಗಿಲ ಬಳಿ ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದ ಮಡಿವಾಳೆಪ್ಪನ ಹೆಂಡತಿ ನೀಲಕ್ಕ ಗಂಡನ ಮುಖ ನೋಡಿದಳು. ಆ ಮುಖ ಕೆಂಪಾಗಿತ್ತು.

“ಬಿಡತೇನಿ,” ಎಂದ ಮಡಿವಾಳೆಪ್ಪ. “ಗುಳಿಗಿ ತಿಂದು ತಿಂದು ತಲಿ ಮಂದ ಆಗೇತಿ. ನಾಲಿಗಿನ ಹೊರಳಂಗಿಲ್ಲ. ಬರೂದಿದ್ರ ಬರಲಿ.”

ನೀಲಕ್ಕನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳುವುದು ಒಂದೇ ಇತ್ತು. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಬೆಣ್ಣಿಹಳ್ಳ ತುಂಬಿ ಹುಬ್ಬಳ್ಳಿಯ ಬಸ್ಸು ನಿಂತು, ಗುಳಿಗೆ ತೀರಿಹೋಗಿತ್ತು. ಎಮ್ಮೆ ಹಿಂಡುವ ಹೊತ್ತಿಗೆ ಶುರುವಾದ ಮೂರ್ಛೆ ಸೂರ್ಯ ನೆತ್ತಿಗೆ ಬಂದರೂ ಬಿಡಲಿಲ್ಲ. ಒಂದು ಮುಗಿದು ಕಣ್ಣು ಬಿಡುವುದರೊಳಗೆ ಇನ್ನೊಂದು. ತುಟಿ ಕಪ್ಪಾಗಿದ್ದವು. ಅನ್ನವ್ವ ಎದೆ ಬಡಿದುಕೊಂಡು ಅಳುವುದಕ್ಕೂ ಶುರು ಮಾಡಿದ್ದಳು. ಗುಳಿಗೆ ಒಮ್ಮೆಲೇ ಬಿಟ್ಟರೆ ಹೀಗಾಗುತ್ತದೆ, ಮುಂದಿನ ಸಲ ಉಳಿಯಲಿಕ್ಕಿಲ್ಲ ಎಂದು ಆಮೇಲೆ ಹುಬ್ಬಳ್ಳಿಯ ಡಾಕ್ಟರು ಅವಳಿಗೇ ಹೇಳಿದ್ದ. ಆವತ್ತಿನಿಂದ ಬೆಳಗಿನ ರೊಟ್ಟಿಯ ಜೊತೆ ಗುಳಿಗೆ ಕೊಡುವುದು ಅವಳ ಕೆಲಸ.

“ನೀಲಾ, ಆ ಡಬ್ಬಿ ತಗೊಂಡ ಬಾ ಇಲ್ಲೆ,” ಎಂದ ಕುಬೇರಪ್ಪ.

ಅವಳು ಒಳಗೆ ಹೋದಳು. ಡಬ್ಬಿ ಕೈಗೆ ತೆಗೆದುಕೊಂಡವಳು ಸುತ್ತ ನೋಡಿ, ಅರ್ಧಕ್ಕಿಂತ ಹೆಚ್ಚು ಗುಳಿಗೆಗಳನ್ನು ಹಳೆಯ ಅರಿವೆಯ ತುಂಡಿಗೆ ಸುರಿದುಕೊಂಡು ಗಂಟು ಹಾಕಿ ಜೋಳದ ಗಡಿಗೆಯಲ್ಲಿ ಮೊಳಕೈವರೆಗೆ ಕೈ ತೂರಿಸಿ ಇಟ್ಟಳು. ಉಳಿದದ್ದನ್ನು ತಂದು ಮಾವನ ಮುಂದಿಟ್ಟಳು. ಕುಬೇರಪ್ಪ ಡಬ್ಬಿಯನ್ನು ಟ್ರಂಕಿನೊಳಗಿಟ್ಟು ಕೀಲಿ ಹಾಕಿ, ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡ. ದೊಡ್ಡ ಯಜಮಾನಿಕೆ ಮಾಡಿದೆನೆಂಬ ಸಮಾಧಾನ ಅವನಿಗೆ.

ಮರುದಿನ ಬೆಳಿಗ್ಗೆ ನೀಲಕ್ಕ ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ, ಗುರೆಳ್ಳ ಹಿಂಡಿ, ಕುಟ್ಟಿದಳು. ಗುರೆಳ್ಳು ಕರಿ, ರುಚಿಯಲ್ಲಿ ತುಸು ಒಗರು. ಮೇಲೆ ಖಾರ, ಬೆಳ್ಳುಳ್ಳಿ, ಹಸಿ ಎಣ್ಣೆ ಬಿದ್ದರೆ ಅದರೊಳಗೆ ಕಹಿಯಾದದ್ದೇನಾದರೂ ಸೇರಿದೆಯೆಂದು ನಾಲಿಗೆಗೆ ಹತ್ತುವುದಿಲ್ಲ. ಒಲೆಯ ಮುಂದೆ ಎಲ್ಲರಿಗೂ ಬೆನ್ನು ಮಾಡಿ ಕೂತು ವಾಟಿ ಬಟ್ಟಲಿನ ತಳದಿಂದ ಗುಳಿಗೆ ಅರೆದಳು. ಗಂಡನ ತಾಟಿನ ಹಿಂಡಿಯಲ್ಲಿ ಕಲೆಸಿ ಇಟ್ಟು, ಅವನು ಕೊನೆಯ ತುತ್ತು ನುಂಗುವವರೆಗೆ ಹಂಚಿನ ಮೇಲಿನ ರೊಟ್ಟಿ ತಿರುವುವುದನ್ನೂ ಮರೆತಳು.

“ಏನ ನೋಡತಿ?” ಎಂದ ಮಡಿವಾಳೆಪ್ಪ.

“ಏನಿಲ್ರಿ. ಹಿಂಡಿ ಚಲೋ ಆಗೇತೇನ?”

“ಆಗೇತಿ. ಇನ್ನ ಸ್ವಲ್ಪ ನೀಡು.”

ಹೀಗೆ ಶುರುವಾಯಿತು. ಹೊರಗೆ ಕಟ್ಟೆಯ ಮೇಲೆ ಕುಬೇರಪ್ಪ ದಿನಾ ಬೆಳಿಗ್ಗೆ ಬಂದು ಕೂಡುತ್ತಿದ್ದ. ಕೈಯಲ್ಲಿ ಕಬ್ಬಿಣದ ಕೀಲಿಕೈ ಗೊಂಚಲು. ಮೂರ್ಛೆ ಬಂದವನ ಮುಷ್ಟಿಯಲ್ಲಿ ಕಬ್ಬಿಣ ಇಡುವುದು ಆ ಕಡೆಯ ರೂಢಿ. ಮಗನಿಗೆ ಮೂರ್ಛೆ ಬರಲಿ ಎಂದು ಕಾಯುವವನೂ ಅವನೇ, ಬಂದರೆ ಮೊದಲು ಓಡಬೇಕೆಂದು ಕಬ್ಬಿಣ ಹಿಡಿದು ಕೂತವನೂ ಅವನೇ. ಅವನನ್ನು ಬೈಯಬೇಕೋ ಮರುಗಬೇಕೋ ನೀಲಕ್ಕನಿಗೆ ತಿಳಿಯುತ್ತಿರಲಿಲ್ಲ.

“ಬಂದಿಲ್ಲೇನವಾ?” ಎಂದು ಅವಳನ್ನು ಮೆಲ್ಲಗೆ ಕೇಳುತ್ತಿದ್ದ.

“ಇಲ್ರಿ ಮಾವಾರ.”

“ಹೂಂ.” ಆ ಹೂಂನಲ್ಲಿ ನಿರಾಸೆಯೂ ಇತ್ತು, ಜೀವ ಬಂದಂತೆಯೂ ಇತ್ತು.

ತೊಂದರೆ ಬಂದದ್ದು ಮಗಳಿಂದ. ಮೂರು ತುಂಬಿದ ದುಂಡವ್ವನಿಗೆ ಅಪ್ಪನ ತಾಟಿನಲ್ಲೇ ಕೈ ಹಾಕಿ ಉಣ್ಣುವ ರೂಢಿ. ಒಂದು ದಿನ ಅಪ್ಪ ನೀರು ಕುಡಿಯುವಾಗ ಅವಳು ಹಿಂಡಿಗೆ ಬೆರಳು ಹಚ್ಚಿದಳು. ನೀಲಕ್ಕ ಒಲೆಯ ಮುಂದಿನಿಂದ ಹಾರಿ ಬಂದು ಆ ಕೈ ಮೇಲೆ ಹೊಡೆದಳು. ಕೂಸು ಕಿರುಚಿಕೊಂಡಿತು.

“ಕೂಸಿಗೆ ಯಾಕ ಹೊಡದಿ?” ಎಂದು ಮಡಿವಾಳೆಪ್ಪ ಎದ್ದೇಬಿಟ್ಟ.

“ಖಾರ ಐತ್ರಿ. ಹೊಟ್ಟಿ ಕೆಡತೈತಿ.”

“ನಿನ್ನೆ ತಿಂದಾಗ ಕೆಡಲಿಲ್ಲ, ಮೊನ್ನೆ ತಿಂದಾಗ ಕೆಡಲಿಲ್ಲ,” ಎಂದಳು ಮಲ್ಲಕ್ಕ. “ಗಂಡಗ ಒಂದು ಹಿಂಡಿ, ಮನಿ ಮಂದಿಗೆ ಒಂದು ಹಿಂಡಿ ಮಾಡಾಕತ್ತಿಯಲ್ಲ ನೀಲಾ, ನಾ ನೋಡೇನಿ. ಅದರಾಗ ಎಣ್ಣಿ ಹೆಚ್ಚು ಹಾಕತಿಯೇನ?”

“ಎಲ್ಲಾ ಒಂದ ಐತಿ ಅಕ್ಕಾ.”

ನಿನ್ನೆ, ಮೊನ್ನೆ ಎಂಬ ಮಾತು ನೀಲಕ್ಕನ ಕಿವಿಯಲ್ಲೇ ಉಳಿಯಿತು. ಕೂಸು ಹಿಂದಿನ ದಿನಗಳಲ್ಲೂ ತಿಂದಿತ್ತೇ? ಆ ಮಧ್ಯಾಹ್ನ ದುಂಡವ್ವ ಮಲಗಿದವಳು ಏಳಲಿಲ್ಲ. ಕರೆದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚುತ್ತಿದ್ದಳು. ಅನ್ನವ್ವ ದೃಷ್ಟಿಯಾಗಿದೆಯೆಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ನೀಲಕ್ಕ ಕೂಸಿನ ಮೂಗಿನ ಹತ್ತಿರ ಕೆನ್ನೆ ಹಿಡಿದು ಕೂತಳು. ಬಿಸಿ ಉಸಿರು ತಾಗುವುದನ್ನೇ ಎಣಿಸಿದಳು. ಹೇಳಿಬಿಡಲೇ ಎಂದು ಬಾಯಿಯವರೆಗೆ ಬಂತು. ಹೇಳಿದರೆ ಗಂಟು ಹೋಗುತ್ತದೆ, ಗಂಡ ಹೋಗುತ್ತಾನೆ. ಹೇಳದಿದ್ದರೆ ಈ ಕೂಸು. ದೀಪ ಹಚ್ಚುವ ಹೊತ್ತಿಗೆ ದುಂಡವ್ವ ಎದ್ದು ಕೂತು ಬೆಲ್ಲ ಕೇಳಿದಳು. ನೀಲಕ್ಕ ಬೆಲ್ಲ ಕೊಟ್ಟು, ಬಚ್ಚಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಮರುದಿನದಿಂದ ಗಂಡ ಉಂಡೇಳುವವರೆಗೆ ಮಗಳನ್ನು ತನ್ನ ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡೇ ರೊಟ್ಟಿ ಬಡಿದಳು.

ಇತ್ತ ಮಡಿವಾಳೆಪ್ಪ ಬೇರೆಯೇ ಮನುಷ್ಯನಾಗುತ್ತಿದ್ದ. ಗುಳಿಗೆ ಬಿಟ್ಟು ಎರಡು ವಾರವಾದರೂ ಏನೂ ಆಗಲಿಲ್ಲವೆಂಬುದು ಅವನಿಗೆ ಮೊದಲು ಆಶ್ಚರ್ಯ, ಆಮೇಲೆ ಧೈರ್ಯ. ತಲೆ ಹಗುರಾಗಿದೆ ಎಂದ. ಅದೇ ಗುಳಿಗೆ ಅದೇ ಹೊಟ್ಟೆಗೆ ಹೋಗುತ್ತಿದ್ದರೂ ತಲೆ ಹಗುರಾದದ್ದು ಹೇಗೋ, ಶಿವನೇ ಬಲ್ಲ. ಕನ್ನಡಿ ಇಟ್ಟುಕೊಂಡು ತಾನೇ ಗಡ್ಡ ಮಾಡಿಕೊಂಡ. ಶಂಕ್ರಪ್ಪನ ಜೊತೆ ಹೊಲಕ್ಕೆ ಹೋಗಿ ಕಡಲೆ ಬಿತ್ತಿಗೆಗೆ ಕೂರಿಗೆ ಹಿಡಿದ. ಬುತ್ತಿ ತಂದ ನೀಲಕ್ಕ ಬದುವಿನ ಮೇಲೆ ನಿಂತು ನೋಡಿದಳು. ಎತ್ತುಗಳ ಹಿಂದೆ, ಕೂರಿಗೆಯ ಚೂಪು ಕಬ್ಬಿಣದ ತಾಳುಗಳ ಹಿಂದೆ, ಗಂಡ ನಗುತ್ತ ಬರುತ್ತಿದ್ದ. ಬಿದ್ದರೆ ಎಲ್ಲಿ ಬೀಳುತ್ತಾನೆ ಎಂದಷ್ಟೇ ಅವಳ ಕಣ್ಣು ಅಳೆಯುತ್ತಿತ್ತು.

“ನಿನ್ನ ಮೈದುನ ಕೂರಿಗಿ ಮರತಿಲ್ಲ ನೋಡು,” ಎಂದು ಶಂಕ್ರಪ್ಪ ಸಂಜೆ ಹೆಂಡತಿಗೆ ಹೇಳಿದ. ಮಲ್ಲಕ್ಕ ಅಂದು ಮೈದುನನ ತಾಟಿಗೆ ತಾನಾಗಿ ತುಪ್ಪ ಹಾಕಿದಳು.

ಮೂರನೆಯ ವಾರದಲ್ಲಿ ಅವನು ಅಣ್ಣಿಗೇರಿಗೆ ಹೋಗಿ ಬಂದ. ಬಂದವನೇ ಅಡುಗೆಮನೆಗೆ ನುಗ್ಗಿ ಒಲೆಯ ಹತ್ತಿರ ಕುಕ್ಕುರುಗಾಲಲ್ಲಿ ಕೂತ.

“ನೀಲಾ, ಅಪ್ಪಗ ಹೇಳಬ್ಯಾಡ. ಹತ್ತಿ ಮಿಲ್ಲಿನ ಲಾರಿಗೆ ಡ್ರೈವರ್ ಬೇಕಾಗ್ಯಾನ. ಮಾತಾಡಿ ಬಂದೇನಿ. ಬೋರ್ಡ್ ಮುಗಿಸಿ ಬರೂದು, ಲಾರಿ ಹತ್ತೂದು.”

ನೀಲಕ್ಕನ ಕೈಯೊಳಗಿನ ಹಿಟ್ಟು ಅಲ್ಲೇ ನಿಂತಿತು. “ಬೋರ್ಡಿನ ಮುಂದ ಏನಂತ ಹೇಳಾವ್ರು ನೀವು?”

“ಖರೇ ಹೇಳತೇನಿ. ಗುಳಿಗಿ ಬಿಟ್ಟೇನಿ, ಒಮ್ಮಿನೂ ಬಂದಿಲ್ಲ, ಅರಾಮ ಆಗೇನಿ. ಅವರ ನಲವತ್ತು ಅವರ ಹತ್ರನ ಇರಲಿ. ನಂದು ನಾ ದುಡಕೊಂಡು ತಿಂತೇನಿ.”

“ಲಾರಿ ಯಾಕ್ರಿ? ಹೊಲದಾಗ ಮಾಡ್ರಿ.”

“ಹೊಲ ಅಣ್ಣಂದು. ಲಾರಿ ನನಗ ಬರೂ ಕೆಲಸ.” ಅವನು ಅವಳ ಮುಖ ನೋಡಿದ. “ಯಾಕ, ನಿನಗ ಖುಷಿ ಆಗಲಿಲ್ಲೇನ?”

“ಆಗೇತ್ರಿ.”

ಆಗಲೇ ಹೇಳಬೇಕಿತ್ತು. ಅವಳಿಗೂ ಗೊತ್ತಿತ್ತು. ಆದರೆ ಮದುವೆಯಾದ ಹೊಸದರಲ್ಲಿ ರಜೆಯ ಮೇಲೆ ಬಂದಾಗ ಇದ್ದ ಮುಖ ಅವನಿಗೆ ವಾಪಸು ಬಂದಿತ್ತು. ನಾಲ್ಕು ವರ್ಷ ಗೋಡೆ ನೋಡುತ್ತ ಕೂತವನು ಈಗ ಶಿಳ್ಳೆ ಹಾಕುತ್ತ ಅಂಗಳ ದಾಟುತ್ತಿದ್ದ. ಅದು ತನ್ನ ವಾಟಿಯ ತಳದಲ್ಲಿ ಅರೆದದ್ದರ ಪುಣ್ಯ ಎಂದು ಯಾವ ಬಾಯಿಂದ ಹೇಳುವುದು? ಒಂದು ಬೆಳಿಗ್ಗೆ ಅವಳ ಕೈ ಹಿಂಡಿಯ ಮೇಲೆ ನಿಂತೂ ನಿಂತಿತು. ಒಂದು ದಿನ ಹಾಕದಿದ್ದರೆ ಅವನಿಗೇ ತಿಳಿಯುತ್ತದೆ, ಲಾರಿಯ ಹುಚ್ಚು ಇಳಿಯುತ್ತದೆ, ಮಾವನಿಗೂ ಬೇಕಾದದ್ದು ಸಿಗುತ್ತದೆ. ಕಪ್ಪಾದ ತುಟಿಗಳು ನೆನಪಾದವು. ಅರೆದದ್ದನ್ನೆಲ್ಲ ಹಾಕಿ ಕಲೆಸಿಬಿಟ್ಟಳು.

ದೀಪಾವಳಿ ಹೇಗೆ ಬಂತೋ ಹೇಗೆ ಹೋಯಿತೋ. ಬೋರ್ಡಿನ ದಿನ ನಸುಕಿನಲ್ಲೇ ಬಸ್ಸು ಹಿಡಿಯಬೇಕಿದ್ದರಿಂದ ನೀಲಕ್ಕ ಆ ದಿನದ ಗುಳಿಗೆಯನ್ನು ಚಹಾದಲ್ಲಿ ಕದಡಿ, ಬೆಲ್ಲ ಎರಡು ಪಟ್ಟು ಹಾಕಿ ಕೊಟ್ಟಳು. ಉಳಿದ ನಾಲ್ಕಾರು ಗುಳಿಗೆಯ ಗಂಟನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಕೂಸನ್ನು ಅತ್ತೆಗೆ ಒಪ್ಪಿಸಿ ಮೂವರೂ ಹೊರಟರು. ಮಡಿವಾಳೆಪ್ಪ ಕಿಟಕಿಯ ಪಕ್ಕ ಕೂತು ಡ್ರೈವರ್ ಗೇರು ಹಾಕುವುದನ್ನೇ ನೋಡುತ್ತಿದ್ದ. ಹಿಂದಿನ ಸೀಟಿನಲ್ಲಿ ಕುಬೇರಪ್ಪ ಸೊಸೆಗೆ ಪಾಠ ಹೇಳಿದ.

“ನೋಡವಾ, ಬರಲಿಲ್ಲ ಅಂದ್ರ ಬರಲಿಲ್ಲ. ಏನ ಮಾಡಾಕ ಬರತೈತಿ? ಸಾಹೇಬ ಕೇಳಿದ್ರ ಎಂಟು ದಿನಕ್ಕೊಮ್ಮಿ ಬರತಾವ್ರಿ ಅನ್ನು. ನೊರಿ ಬರತೈತಿ, ನಾಲಿಗಿ ಕಚ್ಚಿಕೊಂತಾರ ಅನ್ನು. ಕಂಡಾಕಿ ನೀನ. ನಿನ್ನ ಮಾತು ನಡೀತೈತಿ.”

“ಅವರು ಇಲ್ಲ ಅಂದ್ರ?”

“ಅವಗ ಮೂರ್ಛ್ಯಾಗ ಏನ ನೆನಪಿರತೈತಿ? ಅಂವ ಏನರ ಅನ್ನಲಿ, ನೀ ಹಿಡದ ಮಾತು ಬಿಡಬ್ಯಾಡ.”

ನೀಲಕ್ಕ ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಂಡಳು. ಮಾವನಿಗೊಂದು ಮಾತು ಬೇಕಿತ್ತು, ಗಂಡನಿಗೊಂದು ಮಾತು ಬೇಕಿತ್ತು. ಮಾವನ ಮಾತು ಆಡಿದರೆ ಗಂಡನ ಎದುರಿಗೇ ಸುಳ್ಳುಗಾತಿಯಾಗುತ್ತಾಳೆ. ಗಂಡನ ಮಾತಿಗೆ ಹೌದೆಂದರೆ ಪಿಂಚಣಿ ಹೋಗುತ್ತದೆ, ಅವನು ಲಾರಿ ಹತ್ತುತ್ತಾನೆ. ಗುಳಿಗೆ ಇನ್ನು ನಾಲ್ಕಾರು ಉಳಿದಿವೆ. ಅವು ಮುಗಿದ ಮೇಲೆ ಯಾವ ರಸ್ತೆಯಲ್ಲಿ, ಯಾರ ಮೇಲೆ?

ದವಾಖಾನೆಯ ವರಾಂಡದಲ್ಲಿ ಬಹಳ ಹೊತ್ತು ಕೂರಿಸಿದರು. ಬೆಂಚಿನ ಮೇಲೆ ಬೇರೆ ಬೇರೆ ಊರಿನ ಸಿಪಾಯಿಗಳು, ಒಬ್ಬನಿಗೆ ಕೈಯಿಲ್ಲ, ಒಬ್ಬ ದಮ್ಮಿನಿಂದ ಏದುತ್ತಿದ್ದ. ಒಳಗಿಂದ ಹೊರಗೆ ಬಂದವನ ಮುಖವನ್ನು ಉಳಿದವರೆಲ್ಲ ನೋಡುತ್ತಿದ್ದರು. ಮಡಿವಾಳೆಪ್ಪ ತನ್ನ ಹೆಸರು ಕೂಗಿದಾಗ ಅಂಗಿ ಎಳೆದುಕೊಂಡು, ಎದೆ ಸೆಟೆಸಿ ಒಳಗೆ ಹೋದ. ತುಸು ಹೊತ್ತಿಗೆ ನೀಲಕ್ಕನನ್ನು ಕರೆದರು. ಏಳುವಾಗ ಮಾವ ಅವಳ ಸೆರಗು ಹಿಡಿದು ಮತ್ತೊಮ್ಮೆ ಅಂದ: “ಎಂಟು ದಿನಕ್ಕೊಮ್ಮಿ.”

ಮೇಜಿನ ಆಚೆ ಮೂವರಿದ್ದರು. ನಡುವಿನವನು ಕನ್ನಡದವನು, ಮೈಸೂರು ಕಡೆಯವನಿರಬೇಕು.

“ಕೂತ್ಕೊಳ್ಳಿ ಅಮ್ಮ. ಹೆದರಬೇಡಿ. ನಿಮ್ಮ ಯಜಮಾನ್ರು ತಿಂಗಳಿಂದ ಮಾತ್ರೆ ತಗೊಂಡಿಲ್ಲ ಅಂತಾರೆ. ಒಂದು ಸಲವೂ ಫಿಟ್ಸ್ ಬಂದಿಲ್ಲ ಅಂತಾರೆ. ಹಾಗಿದ್ರೆ ಕಾಯಿಲೆ ವಾಸಿಯಾಗಿದೆ ಅಂತ ನಾವು ಬರೀಬೇಕಾಗುತ್ತೆ. ನೀವು ಜೊತೆಯಲ್ಲಿರೋರು. ನಿಜಾನಾ?”

ಮಡಿವಾಳೆಪ್ಪ ಅಟೆನ್ಷನ್ನಿನಲ್ಲಿ ನಿಂತಿದ್ದವನು ಅವಳತ್ತ ತಿರುಗಿದ. ಆ ಕಣ್ಣಿನಲ್ಲಿ ಅಷ್ಟೊಂದು ಭರವಸೆ ಇತ್ತು. ನೀಲಕ್ಕನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

“ಬಂದಿಲ್ರಿ,” ಎಂದಳು.

ಅವನ ತುಟಿಯ ಮೇಲೆ ನಗೆ ಬಂತು. ಡಾಕ್ಟರು ಪೆನ್ನು ಎತ್ತಿಕೊಂಡ.

“ಗುಳಿಗಿ ಬಿಟ್ಟಿಲ್ರಿ ಸಾಹೇಬ್ರ.”

“ಅಂದ್ರೆ?”

“ಆಕಿಗೆ ತಿಳಿಯಂಗಿಲ್ಲ ಸರ್,” ಎಂದ ಮಡಿವಾಳೆಪ್ಪ. “ಹಳ್ಳಿ ಹೆಣಮಗಳು, ಅಂಜ್ಯಾಳ. ಡಬ್ಬಿ ನಮ್ಮಪ್ಪನ ಟ್ರಂಕಿನ್ಯಾಗ ಐತಿ. ನಾ ಒಂದೂ ಮುಟ್ಟಿಲ್ಲ.”

ನೀಲಕ್ಕ ಸೆರಗಿನ ಗಂಟು ಬಿಚ್ಚಿದಳು. ಬಿಗಿದದ್ದನ್ನು ಹಲ್ಲಿನಿಂದ ಎಳೆದಳು. ಬಿಳಿ ಗುಳಿಗೆಗಳು ಮೇಜಿನ ಮೇಲೆ ಉರುಳಿದವು. “ಅವರಿಗೆ ಗೊತ್ತಿಲ್ರಿ. ದಿನಾ ಗುರೆಳ್ಳ ಹಿಂಡ್ಯಾಗ ಅರದು ಹಾಕೇನ್ರಿ. ಇವತ್ತ ಚಾದಾಗ ಹಾಕೇನ್ರಿ. ಒಂದ ದಿನಾನೂ ತಪ್ಪಿಸಿಲ್ರಿ.”

ಡಾಕ್ಟರು ಒಂದು ಗುಳಿಗೆ ಎತ್ತಿ ನೋಡಿ, ಪಕ್ಕದವನಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದ. ಆಮೇಲೆ ಮಡಿವಾಳೆಪ್ಪನಿಗೆ ಅಂದ: “ಕಾಯಿಲೆ ಹಾಗೇ ಇದೆ ಕಣಯ್ಯ. ಮಾತ್ರೆ ತಡೆದಿದೆ, ಅಷ್ಟೆ. ಮೊದಲು ಎಷ್ಟಿತ್ತೋ ಅಷ್ಟೇ ಬರೀತೀವಿ. ಮಾತ್ರೆ ಬಿಡೋ ಹಾಗಿಲ್ಲ, ವಾಹನ ಮುಟ್ಟೋ ಹಾಗಿಲ್ಲ. ಅರ್ಥವಾಯ್ತಾ?”

“ಎಸ್ ಸರ್,” ಎಂದ ಮಡಿವಾಳೆಪ್ಪ. ಕಣ್ಣು ಎದುರಿನ ಗೋಡೆಯ ಮೇಲಿತ್ತು.

ಹೊರಗೆ ಕುಬೇರಪ್ಪನಿಗೆ ಸಂಗತಿ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನಲವತ್ತು ಉಳಿಯಿತೆಂಬುದು ಮೊದಲು ಕಿವಿಗೆ ಬಿತ್ತು. ತನ್ನ ಕಣ್ಣು, ಕೀಲಿಕೈ ಎರಡನ್ನೂ ತಪ್ಪಿಸಿ ಸೊಸೆ ತಿಂಗಳ ಕಾಲ ಆಟ ಆಡಿಸಿದ್ದು ಆಮೇಲೆ. ಬಂದ ಸಿಟ್ಟು ದಾರಿಯಲ್ಲೇ ಇಳಿಯಿತು. ಬಸ್‌ಸ್ಟ್ಯಾಂಡಿನಲ್ಲಿ ಬೆಳಗಾವಿಯ ಸಿಹಿ ಕುಂದಾ ಕಟ್ಟಿಸಿಕೊಂಡು, “ಶಾಣ್ಯಾಕಿ ಇದ್ದೀ ಬಿಡವಾ. ನಾನ ದಡ್ಡ. ಮಗನ್ನ ಕೊಂದುಕೊಂಡು ಕೂಡತಿದ್ದೆ,” ಎಂದ. ಬಸ್ಸಿನಲ್ಲಿ ನೀಲಕ್ಕ ಗಂಡನ ಕಡೆ ನೋಡಿದಳು. ಅವನು ಬೇರೆ ಸೀಟಿನಲ್ಲಿ, ಪರವೂರಿನವನೊಬ್ಬನ ಬಾಜೂ ಕೂತಿದ್ದ. ಶಲವಡಿ ಬರುವವರೆಗೆ ಡ್ರೈವರ್ ಕಡೆ ಒಮ್ಮೆಯೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಮನೆಯಲ್ಲಿ ಹಬ್ಬದ ಕಳೆ ಇತ್ತು. ಮಲ್ಲಕ್ಕ ಕುಂದಾ ಹಂಚಿದಳು. ಡಬ್ಬಿ ಟ್ರಂಕಿನಿಂದ ಹೊರಗೆ ಬಂದಿತ್ತು. ನೀಲಕ್ಕ ಬಿಸಿ ರೊಟ್ಟಿ ಹಾಕಿ, ಪಲ್ಲೆ ನೀಡಿ, ಗಂಡನ ಮುಂದೆ ತಾಟು ಇಟ್ಟಳು. ಹಿಂಡಿ ಹಾಕಿರಲಿಲ್ಲ.

ಅವನು ತಾಟು ಮುಟ್ಟಲಿಲ್ಲ. “ಯವ್ವಾ, ನನಗ ನೀ ನೀಡು. ನನ್ನ ರೊಟ್ಟಿ ಇವತ್ತಿಂದ ನೀನ ಬಡಿ.”

“ಯಾಕಪಾ? ಆಕಿ ಬಡದದ್ದು ಬಿಸಿ ಐತಿ,” ಎಂದಳು ಅನ್ನವ್ವ.

“ಬ್ಯಾಡ. ಆಕಿ ಕೈಯಾಗಿಂದ ಏನ ಉಣ್ಣಾಕತ್ತೇನಿ ಅಂತ ನನಗ ಗೊತ್ತಾಗಂಗಿಲ್ಲ.”

“ಲೇ, ಆಕಿ ಇದ್ದದ್ದಕ್ಕ ಜೀವಂತ ಅದೀ ನೀನು,” ಎಂದು ಕುಬೇರಪ್ಪ ಕಟ್ಟೆಯಿಂದಲೇ ಗದರಿದ.

“ಗೊತ್ತೈತ್ಯಪಾ. ನಾ ಏನ ಇಲ್ಲ ಅಂದೆ? ಗುಳಿಗಿ ತಗೋತೇನಿ. ಆಕಿನ ಕೊಡಲಿ.” ಅವನು ಅಂಗೈ ಚಾಚಿದ, ಮುಖ ಮಾತ್ರ ಅವಳತ್ತ ತಿರುಗಿಸಲಿಲ್ಲ.

ನೀಲಕ್ಕ ಡಬ್ಬಿ ತೆಗೆದು ಗುಳಿಗೆಯನ್ನು ಆ ಅಂಗೈ ಮೇಲಿಟ್ಟಳು. ಅವನು ಬಾಯಿಗೆ ಹಾಕಿಕೊಂಡು ನೀರು ಕುಡಿದ. ಆಮೇಲೆ, ನುಂಗಿದರೋ ಇಲ್ಲವೋ ನೋಡಲು ದವಾಖಾನೆಯ ವಾರ್ಡಿನಲ್ಲಿ ಮಾಡಿಸುವ ಹಾಗೆ, ಅವಳ ಕಡೆ ಬಾಯಿ ಅಗಲಿಸಿ, ನಾಲಿಗೆ ಎತ್ತಿ ತೋರಿಸಿದ.

“ನೋಡಿದೇನ?”

“ನೋಡಿದ್ನಿರಿ,” ಎಂದಳು ನೀಲಕ್ಕ.

ಅವನು ತಾಟನ್ನು ತಾಯಿಯ ಕಡೆ ಸರಿಸಿದ.